ಲೆಫ್ಟಿನೆಂಟ್‌ನ ಮೊದಲ ಕಾರು: ಸ್ವಿಫ್ಟ್, ಐ20 ಎನ್ ಲೈನ್, ಕೈಲಾಕ್, ಜಿಮ್ನಿ

ಸೇನಾಧಿಕಾರಿಗಳನ್ನು ತರಬೇತು ಮಾಡುವ ಡೆಹ್ರಾಡೂನಿನ ಐಎಂಎಯಿಂದಲೋ ಚೆನ್ನೈನ ಒಟಿಎಯಿಂದಲೋ ಹೊರಬಿದ್ದು ಭುಜಕ್ಕೆ ಎರಡು ಸ್ಟಾರ್ ಏರಿದ ಕೂಡಲೇ ಕಾರಿನ ಮಾತು ಶುರುವಾಗುತ್ತದೆ. ಮನೆಯಲ್ಲಿ ಸ್ವಿಫ್ಟ್ ಸಾಕು ಅನ್ನುತ್ತಾರೆ, ಮೆಸ್ಸಿನ ಗೆಳೆಯರು ಥಾರ್ ಅನ್ನುತ್ತಾರೆ, ಬ್ಯಾಂಕಿನವರು ಯಾವುದಾದರೂ ಸರಿ, ಏಳು ವರ್ಷದ ಸಾಲ ತಗೊಳ್ಳಿ ಅನ್ನುತ್ತಾರೆ. ಮುಂದಿನ ಮೂರು ವರ್ಷ ಈ ಕಾರು ಎಲ್ಲಿ ನಿಲ್ಲುತ್ತದೆ, ಎಷ್ಟು ಓಡುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಬೆಂಗಳೂರಿನಲ್ಲಿ ದಿನಾ ಆಫೀಸಿಗೆ ಹೋಗುವವರ ಕಾರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಯೂನಿಟ್ ಫೀಲ್ಡಿಗೆ, ಅಂದರೆ ಗಡಿಯಂಥ ಕಾರ್ಯಾಚರಣೆಯ ಜಾಗಕ್ಕೆ, ಹೋದರೆ ಕಾರು ತಿಂಗಳುಗಟ್ಟಲೆ ಶೆಡ್ಡಿನಲ್ಲೇ ಇರುತ್ತದೆ. ಹೊಸ ಅಧಿಕಾರಿಗಳ ವೈಒ (ಯಂಗ್ ಆಫೀಸರ್ಸ್) ಕೋರ್ಸ್ ಬಂದರೆ ಇನ್‌ಫೆಂಟ್ರಿಯವರಿಗೆ ಮಹೂ, ಆರ್ಟಿಲರಿಯವರಿಗೆ ದೇವಳಾಲಿ, ಟ್ಯಾಂಕಿನವರಿಗೆ ಅಹಿಲ್ಯಾನಗರ (ಹಿಂದಿನ ಅಹ್ಮದ್‌ನಗರ). ಪೀಸ್ ಸ್ಟೇಷನ್, ಅಂದರೆ ಗಡಿಯಿಂದ ದೂರದ ಶಾಂತ ಊರು, ಸಿಕ್ಕರೆ ಕ್ವಾರ್ಟರ್ಸ್, ಆಫೀಸು, ಕ್ಯಾಂಟೀನು, ಮೆಸ್ಸು ಎಲ್ಲವೂ ಎರಡೆರಡು ಕಿಲೋಮೀಟರು. ರಜೆಗೆ ಊರಿಗೆ ಬಂದಾಗ ಒಮ್ಮೆಲೇ ಹೆದ್ದಾರಿ, ಜತೆಗೆ ಚಾರ್ಮಾಡಿಯಂಥ ಘಾಟಿ. ಅಂದರೆ ಒಂದೋ ಕಾರು ನಿಂತೇ ಇರುತ್ತದೆ, ಇಲ್ಲವೇ ಒಂದೇ ದಿನ ಎಂಟುನೂರು ಕಿಲೋಮೀಟರು ಓಡುತ್ತದೆ. ಇಲ್ಲಿ ನಾಲ್ಕು ಕಾರುಗಳನ್ನೂ ಈ ಬಳಕೆಗೆ ಹೊಂದಿಸಿಯೇ ನೋಡಲಾಗಿದೆ. ನಾಲ್ಕೂ ಪೆಟ್ರೋಲ್, ನಾಲ್ಕೂ ಮ್ಯಾನುವಲ್ ಗೇರ್.

ಸ್ವಿಫ್ಟ್

2024ರಲ್ಲಿ ಬಂದ ನಾಲ್ಕನೇ ತಲೆಮಾರಿನ ಸ್ವಿಫ್ಟ್‌ನಲ್ಲಿ ಹಳೆಯ ನಾಲ್ಕು ಸಿಲಿಂಡರಿನ ಎಂಜಿನ್ ಇಲ್ಲ. ಬದಲಿಗೆ ಮೂರು ಸಿಲಿಂಡರಿನ 1197 ಸಿಸಿ ಎಂಜಿನ್, 82 ಪಿಎಸ್ ಶಕ್ತಿ, 112 ಎನ್‌ಎಂ ಟಾರ್ಕ್ (ಎಳೆಯುವ ಬಲ). ಹಳೆಯದು 6000 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ತನಕ ಖುಷಿಯಿಂದ ಏರುತ್ತಿತ್ತು. ಇದು 4500 ದಾಟಿದರೆ ಸದ್ದು ಹೆಚ್ಚುತ್ತದೆಯೇ ಹೊರತು ವೇಗ ಅಷ್ಟಾಗಿ ಹೆಚ್ಚುವುದಿಲ್ಲ. ಕೆಳಗಿನ ಆರ್‌ಪಿಎಂನಲ್ಲಿ ಮಾತ್ರ ಹಳೆಯದಕ್ಕಿಂತ ಚುರುಕು. ಸಿಗ್ನಲ್‌ನಲ್ಲಿ ನಿಂತಾಗ ಸ್ಟೀರಿಂಗ್‌ನಲ್ಲಿ ಸಣ್ಣ ನಡುಕ ಇರುತ್ತದೆ, ಟೆಸ್ಟ್ ಡ್ರೈವ್‌ನಲ್ಲಿ ಎಸಿ ಹಾಕಿಕೊಂಡೇ ಗಮನಿಸಿ.

ಆದರೂ ಇದರಲ್ಲಿ ಮಜಾ ಇದೆ. ತೂಕ ಸುಮಾರು 920 ಕೆಜಿ ಮಾತ್ರ, ಕ್ಲಚ್ ಹಗುರ, ಗೇರ್ ಬೆರಳಲ್ಲೇ ಬೀಳುತ್ತದೆ. ಘಾಟಿಯಲ್ಲಿ ಎರಡು-ಮೂರನೇ ಗೇರಿನ ನಡುವೆ ಆಡುತ್ತಾ 50ರ ವೇಗದಲ್ಲೇ ಸುಖ ಪಡಬಹುದು. ಖರ್ಚಿನಲ್ಲಂತೂ ಇದಕ್ಕೆ ಸಾಟಿ ಇಲ್ಲ. ಹೆದ್ದಾರಿಯಲ್ಲಿ ಲೀಟರಿಗೆ 20 ಬಂದರೂ 37 ಲೀಟರ್ ಟ್ಯಾಂಕು 700 ಕಿಲೋಮೀಟರಿಗೆ ಸಾಕು. ಬೆಳಗಾವಿಯಿಂದ ಪುಣೆಗೆ ಹೋಗಿ ಬರುವಷ್ಟು. ಕೆಟ್ಟರೆ ಯಾವ ಊರಲ್ಲಾದರೂ ಮೆಕ್ಯಾನಿಕ್ ಸಿಗುತ್ತಾನೆ.

ತೊಂದರೆ ಡಿಕ್ಕಿಯದು. 265 ಲೀಟರ್ ಎಂದು ಬರೆದಿದ್ದರೂ ಹಿಂಬಾಗಿಲಿನ ಅಂಚು ಎತ್ತರ, ಬಾಯಿ ಕಿರಿದು. ಹೆಸರು ಬರೆದ ಕಪ್ಪು ಟ್ರಂಕು ಒಳಗೆ ಹೋಗಬೇಕೆಂದರೆ ಹಿಂದಿನ ಸೀಟು ಮಡಚಲೇಬೇಕು. ಸುರಕ್ಷತೆಯ ಮಾತೂ ಇದೆ: ಹಿಂದಿನ ತಲೆಮಾರಿನ ಸ್ವಿಫ್ಟ್‌ಗೆ 2022ರ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ (ಕ್ರ್ಯಾಶ್ ಟೆಸ್ಟ್) ಐದಕ್ಕೆ ಸಿಕ್ಕಿದ್ದು ಒಂದೇ ಸ್ಟಾರ್. ಹೊಸದರಲ್ಲಿ ಎಲ್ಲ ವೇರಿಯೆಂಟಿಗೂ ಆರು ಏರ್‌ಬ್ಯಾಗ್ ಇವೆ. ಆದರೆ ಏರ್‌ಬ್ಯಾಗ್ ಇದ್ದ ಮಾತ್ರಕ್ಕೆ ಬಾಡಿ ಗಟ್ಟಿ ಎಂದಾಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಹಳೆಯದರ ಆ ಒಂದೇ ಸ್ಟಾರನ್ನು ಮರೆಯಬಾರದು.

ಐ20 ಎನ್ ಲೈನ್

ನಾಲ್ಕರಲ್ಲಿ ಓಡಿಸಲು ಅತಿ ಹೆಚ್ಚು ಮಜಾ ಕೊಡುವುದು ಇದೇ. 998 ಸಿಸಿ ಟರ್ಬೊ, 120 ಪಿಎಸ್, 172 ಎನ್‌ಎಂ, 2023ರಿಂದ ಆರು ಗೇರಿನ ನಿಜವಾದ ಮ್ಯಾನುವಲ್. ನಾಲ್ಕು ಚಕ್ರಕ್ಕೂ ಡಿಸ್ಕ್ ಬ್ರೇಕ್. ಮಾಮೂಲಿ ಐ20ಗಿಂತ ಸಸ್ಪೆನ್ಷನ್ ಬಿಗಿ, ಸ್ಟೀರಿಂಗ್ ತೂಕ ಜಾಸ್ತಿ. 2000 ಆರ್‌ಪಿಎಂ ದಾಟಿದರೆ ಮೂರನೇ ಗೇರಿನಲ್ಲೇ ಲಾರಿ ಹಿಂದೆ ಬೀಳುತ್ತದೆ. ಅದಕ್ಕಿಂತ ಕೆಳಗೆ ಟರ್ಬೊ ಇನ್ನೂ ಎದ್ದಿರುವುದಿಲ್ಲ. ಏರಿನಲ್ಲಿ ನಿಲ್ಲಿಸಿ ಹೊರಡುವಾಗ ಕ್ಲಚ್ ಬೇಗ ಬಿಟ್ಟರೆ ಎಂಜಿನ್ ಆಫ್. ಅದಕ್ಕೆ ಹೆದರಿ ಕ್ಲಚ್ ಮೇಲೆ ಕಾಲಿಟ್ಟು ಓಡಿಸುವ ಅಭ್ಯಾಸವಾದರೆ ಕ್ಲಚ್ ಪ್ಲೇಟ್ ಬೇಗ ಸವೆಯುತ್ತದೆ.

ಇದರ ಶತ್ರು ರಸ್ತೆ. ಟೈರು 195/55 ಆರ್16. ಪಕ್ಕದ ಗೋಡೆ ತೆಳು, ಹಾಗಾಗಿ ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಗೆ 60ರಲ್ಲಿ ಬಿದ್ದರೆ ಟೈರಿನ ಪಕ್ಕ ಗಂಟು ಏಳುತ್ತದೆ. ಗಂಟೆದ್ದ ಟೈರಿಗೆ ರಿಪೇರಿ ಇಲ್ಲ, ಬದಲಾಯಿಸಲೇಬೇಕು. ಸಣ್ಣ ಊರಿನ ಅಂಗಡಿಯಲ್ಲಿ ಈ ಅಳತೆ ಸಿಗದಿದ್ದರೆ ಒಂದು ದಿನದ ರಜೆ ಅಲ್ಲೇ ಹೋಯಿತು. ನಗರದಲ್ಲಿ ಜೋರಾಗಿ ಓಡಿಸಿದರೆ ಮೈಲೇಜು 11-12ಕ್ಕೆ ಇಳಿಯುತ್ತದೆ.

ಪೀಸ್ ಪೋಸ್ಟಿಂಗ್, ಒಳ್ಳೆಯ ರಸ್ತೆ, ಮದುವೆ ಇನ್ನೂ ದೂರ: ಈ ಮೂರೂ ಇದ್ದರೆ ಮಾತ್ರ ಎನ್ ಲೈನ್.

ಕೈಲಾಕ್

ಸ್ಕೋಡಾದ ಈ ಕಾರು ನೋಡಲು ಸಾಧಾರಣ. ಮೆಸ್ಸಿನ ಮುಂದೆ ನಿಲ್ಲಿಸಿದರೆ ಯಾರೂ ತಿರುಗಿ ನೋಡುವುದಿಲ್ಲ. ಓಡಿಸಿದರೆ ಮಾತು ಬೇರೆ. 999 ಸಿಸಿ ಟಿಎಸ್‌ಐ ಟರ್ಬೊ, 115 ಪಿಎಸ್, 178 ಎನ್‌ಎಂ, ಆರು ಗೇರು. ಹೆಚ್ಚಿನ ಬೆಲೆಯ ಸ್ಲಾವಿಯಾ, ವರ್ಟಸ್ ಕಾರುಗಳ ಒಂದು ಲೀಟರ್ ಮಾದರಿಗಳಲ್ಲಿರುವ ಎಂಜಿನ್ನೇ ಇದು. 120ರಲ್ಲೂ ಕಾರು ನೆಲಕ್ಕೆ ಅಂಟಿಕೊಂಡಂತೆ ಹೋಗುತ್ತದೆ. ಗುಂಡಿಯಲ್ಲಿ ಬಿದ್ದಾಗ ಕೇಳುವುದು ಒಂದೇ ದಪ್ಪ ಸದ್ದು, ಗಡಗಡ ಇಲ್ಲ. ನೆಲದಿಂದ ಎತ್ತರ 189 ಮಿಮೀ, ಡಿಕ್ಕಿ 446 ಲೀಟರ್. ಹೋಲ್ಡಾಲ್ (ಹಾಸಿಗೆ ಸುತ್ತುವ ಚೀಲ), ಎರಡು ಸೂಟ್‌ಕೇಸು, ಯೂನಿಫಾರ್ಮಿನ ಚೀಲ ಸೀಟು ಮಡಚದೆ ಹಿಡಿಯುತ್ತವೆ. 2025ರಲ್ಲಿ ಭಾರತ್ ಎನ್‌ಕ್ಯಾಪ್‌ನಲ್ಲಿ ಐದು ಸ್ಟಾರ್ ಬಂದಿದೆ.

ಕೊರತೆಗಳೂ ಇವೆ. ಮೂರು ಸಿಲಿಂಡರಿನ ಒರಟು ಸದ್ದು ತಣ್ಣನೆಯ ಬೆಳಿಗ್ಗೆ ಚೆನ್ನಾಗಿಯೇ ಕೇಳುತ್ತದೆ. 1700 ಆರ್‌ಪಿಎಂ ಕೆಳಗೆ ಐ20ಯ ಹಾಗೇ ಇದೂ ಸೋಮಾರಿ. ಹಿಂದಿನ ಸೀಟಿನಲ್ಲಿ ಮೂವರು ದೊಡ್ಡವರಿಗೆ ಇಕ್ಕಟ್ಟು. ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ್ದು ಸರ್ವಿಸ್ ಸೆಂಟರಿನ ಬಗ್ಗೆ. ಮಾರುತಿಯಷ್ಟು ಹರಡಿದ ಜಾಲ ಇದಕ್ಕಿಲ್ಲ. ಬುಕ್ ಮಾಡುವ ಮೊದಲು ಈಗಿನ ಸ್ಟೇಷನ್ ಮತ್ತು ಬರಬಹುದಾದ ಸ್ಟೇಷನ್, ಎರಡರಿಂದಲೂ ಹತ್ತಿರದ ವರ್ಕ್‌ಶಾಪ್ ಎಷ್ಟು ದೂರ ಎಂದು ಮ್ಯಾಪಿನಲ್ಲಿ ಅಳೆಯಿರಿ. 150 ಕಿಲೋಮೀಟರ್ ದಾಟಿದರೆ ಯೋಚಿಸಿ.

ಟರ್ಬೊ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನಿಗೆ ಎರಡು ಕಿಲೋಮೀಟರಿನ ಓಡಾಟ ಒಗ್ಗುವುದಿಲ್ಲ. ಎಂಜಿನ್ ಬಿಸಿಯಾಗುವ ಮೊದಲೇ ಆಫ್ ಆದರೆ ಪೆಟ್ರೋಲು ಆಯಿಲ್‌ಗೆ ಇಳಿದು ಅದನ್ನು ತೆಳುವಾಗಿಸುತ್ತದೆ. ಕ್ಯಾಂಟೀನಿಗೆ ಸೈಕಲ್ಲಿನಲ್ಲಿ ಹೋಗಿ, ವಾರಕ್ಕೊಮ್ಮೆ ಕಾರನ್ನು 20-30 ಕಿಲೋಮೀಟರ್ ಹೆದ್ದಾರಿಗೆ ಕರೆದೊಯ್ಯಿರಿ. ಮೀಟರಿನಲ್ಲಿ ಬರೀ 4000 ಇದ್ದರೂ ವರ್ಷಕ್ಕೊಮ್ಮೆ ಆಯಿಲ್ ಬದಲಾಗಲೇಬೇಕು. ಈ ಮಾತು ಎನ್ ಲೈನ್‌ಗೂ ಅನ್ವಯ.

ಜಿಮ್ನಿ, ಮತ್ತು ಮೆಸ್ಸಿನ ಗೆಳೆಯರ ಥಾರ್

ಮಾರುತಿಯ ಹಳೆಯ ಜಿಪ್ಸಿಯಲ್ಲಿ ಓಡಾಡಿದ ಸೇನೆಗೆ ಜಿಮ್ನಿಯ ಮೇಲೆ ಮನಸ್ಸು ಹೋಗುವುದು ಸಹಜ. 2023ರಲ್ಲಿ ಬಂದ ಐದು ಬಾಗಿಲಿನ ಜಿಮ್ನಿಗೆ ಲ್ಯಾಡರ್ ಫ್ರೇಮ್, ಎರಡೂ ಕಡೆ ಗಟ್ಟಿ ಆಕ್ಸಲ್, 210 ಮಿಮೀ ಎತ್ತರ, ಲೋ ರೇಂಜ್ (ನಿಧಾನಕ್ಕೆ ಹೆಚ್ಚು ಬಲ ಕೊಡುವ ಗೇರು) ಇರುವ 4x4, ಅಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ. ಕೊಡಗಿನ ತೋಟದ ಕೆಸರು ದಾರಿಯಲ್ಲಿ ಉಳಿದ ಮೂರೂ ಸಿಕ್ಕಿಬೀಳುವ ಜಾಗದಲ್ಲಿ ಇದು 4ಎಲ್ (ಅದೇ ಲೋ ರೇಂಜ್) ಹಾಕಿಕೊಂಡು ಆಕ್ಸಿಲರೇಟರ್ ಒತ್ತದೆಯೇ ತೆವಳಿ ಹೋಗುತ್ತದೆ. ಮಾಮೂಲಿ ವೇಗದ ನಾಲ್ಕು ಚಕ್ರದ ಶಕ್ತಿಯಾದ 4ಎಚ್‌ಗೆ ಓಡುತ್ತಲೇ ಬದಲಾಯಿಸಬಹುದು, 4ಎಲ್‌ಗೆ ನಿಲ್ಲಿಸಲೇಬೇಕು. ಒಣ ಡಾಂಬರಿನಲ್ಲಿ 4ಎಚ್ ಬೇಡ: ಮುಂದಿನ ಹಿಂದಿನ ಆಕ್ಸಲ್‌ಗಳು ಒಂದೇ ವೇಗಕ್ಕೆ ಕಟ್ಟಿಬಿದ್ದಿರುವುದರಿಂದ ತಿರುವಿನಲ್ಲಿ ಎರಡೂ ಆಕ್ಸಲ್‌ಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಮೇಲೆ ಬಿಗಿತ ಬಿದ್ದು ಸ್ಟೀರಿಂಗ್ ಜಗ್ಗುತ್ತದೆ.

ಹೆದ್ದಾರಿಗೆ ಬಂದರೆ ಆಟ ತಿರುಗುತ್ತದೆ. 1462 ಸಿಸಿ, 105 ಪಿಎಸ್, ಐದೇ ಗೇರು. 100ರಲ್ಲಿ ಎಂಜಿನ್ ಆಗಲೇ ಕೂಗುತ್ತಿರುತ್ತದೆ. ಬಸ್ಸು ಪಕ್ಕದಲ್ಲಿ ಹಾದರೆ ಕಾರು ಅಲುಗಾಡುತ್ತದೆ, ಸ್ಟೀರಿಂಗನ್ನು ಸದಾ ತಿದ್ದುತ್ತಿರಬೇಕು. ಸೀಟು ನಾಲ್ಕೇ, ಡಿಕ್ಕಿ 208 ಲೀಟರ್. ಹಿಂಬಾಗಿಲು ಪಕ್ಕಕ್ಕೆ ತೆರೆಯುವುದರಿಂದ ಗೋಡೆಗೆ ತಾಗಿಸಿ ನಿಲ್ಲಿಸಿದರೆ ಸಾಮಾನು ತೆಗೆಯಲಾಗದು. ಬೆಟ್ಟಕ್ಕೆಂದೇ ಕೊಳ್ಳುವವರು ಇನ್ನೊಂದು ಲೆಕ್ಕ ನೋಡಬೇಕು. ಲೇಹ್ ಇರುವ 3500 ಮೀಟರ್ ಎತ್ತರದಲ್ಲಿ ಗಾಳಿ ತೆಳುವಾಗಿ, ಟರ್ಬೊ ಇಲ್ಲದ ಎಂಜಿನ್ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಶಕ್ತಿ ಕಳೆದುಕೊಳ್ಳುತ್ತದೆ. ಜಿಮ್ನಿಯ 105 ಅಲ್ಲಿ 70ರ ಆಸುಪಾಸು, ಸ್ವಿಫ್ಟ್‌ನ 82 ಸುಮಾರು 55. ಟರ್ಬೊ ಕಾರುಗಳು ಇಷ್ಟು ಸೊರಗುವುದಿಲ್ಲ. ಲೋ ರೇಂಜ್ ಏರು ಹತ್ತಿಸುತ್ತದೆ, ಓವರ್‌ಟೇಕ್ ಮಾಡಿಸುವುದಿಲ್ಲ.

ಮೂರು ಬಾಗಿಲಿನ ಥಾರ್‌ನಲ್ಲಿ ಮುಂದೆ ಕೂತವರಿಗೆ ಹಬ್ಬ, ಹಿಂದೆ ಕೂತವರಿಗೆ ಶಿಕ್ಷೆ. ನಾಲ್ವರು ಕೂತರೆ ಸಾಮಾನಿಗೆ ಜಾಗವೇ ಇಲ್ಲ. ಹಿಂಚಕ್ರಕ್ಕಷ್ಟೇ ಶಕ್ತಿ ಹೋಗುವ 1.5 ಡೀಸೆಲ್ ಕೊಂಡು 'ಬೆಟ್ಟಕ್ಕೆ ಬೇಕಾಗುತ್ತದೆ' ಅನ್ನುವುದರಲ್ಲಿ ಅರ್ಥವಿಲ್ಲ. ಡೀಸೆಲ್ಲಿಗೆ ಲಡಾಖಿನ ಚಳಿಗಾಲದ ತಲೆನೋವು ಬೇರೆ. ಮಾಮೂಲಿ ಡೀಸೆಲ್ ಅಲ್ಲಿ ಮೇಣದಂತೆ ಗಟ್ಟಿಯಾಗುತ್ತದೆ. ಮೈನಸ್ 33 ಡಿಗ್ರಿವರೆಗೂ ಹರಿಯುವ ಚಳಿಗಾಲದ ಡೀಸೆಲ್ಲನ್ನು ಇಂಡಿಯನ್ ಆಯಿಲ್ 2019ರಲ್ಲಿ ತಂದಿದೆ. ಆದರೆ ಕೆಳಗಿನ ಊರಲ್ಲಿ ಟ್ಯಾಂಕ್ ತುಂಬಿಸಿಕೊಂಡು ಮೇಲೆ ಹೋದವರ ಟ್ಯಾಂಕಿನಲ್ಲಿ ಇರುವುದು ಹಳೆಯದೇ.

ದುಡ್ಡು, ತೆರಿಗೆ, ನಂಬರ್ ಪ್ಲೇಟು

2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ, 1200 ಸಿಸಿ ತನಕದ ಪೆಟ್ರೋಲ್ ಕಾರಿಗೆ ಜಿಎಸ್‌ಟಿ ಶೇ. 18, ಅದಕ್ಕಿಂತ ದೊಡ್ಡದಕ್ಕೆ ಶೇ. 40. ಸ್ವಿಫ್ಟ್, ಎನ್ ಲೈನ್, ಕೈಲಾಕ್ ಮೂರೂ 18ರಲ್ಲಿ ಬಂದವು. ಜಿಮ್ನಿ ಉದ್ದದಲ್ಲಿ ಪಾಸಾಗಿ ಸಿಸಿಯಲ್ಲಿ ಫೇಲಾಯಿತು. ಡೀಸೆಲ್ಲಿಗೆ ಮಿತಿ 1500 ಸಿಸಿ, ಹಾಗಾಗಿ ಥಾರ್ 1.5 ಒಳಗೆ ಸೇರಿತು. ಬೆಲೆಯಲ್ಲಿ ಜಿಮ್ನಿ ಕೆಟ್ಟದಾಗಿ ಕಾಣುವುದಕ್ಕೆ ಇದೇ ಮುಖ್ಯ ಕಾರಣ.

ಸೇನೆಯ ಕ್ಯಾಂಟೀನ್ ಇಲಾಖೆಯಾದ ಸಿಎಸ್‌ಡಿಯಲ್ಲಿ ಕೊಂಡರೆ ಜಿಎಸ್‌ಟಿಯ ಅರ್ಧ ಉಳಿಯುತ್ತದೆ. ತೆರಿಗೆಗೆ ಮೊದಲಿನ ಬೆಲೆ 7 ಲಕ್ಷವಾದರೆ ಉಳಿತಾಯ 63 ಸಾವಿರ. ಕಾರಿನಂಥ ದುಬಾರಿ ವಸ್ತುಗಳಿಗೆಂದೇ ಇರುವ ಸಿಎಸ್‌ಡಿಯ ಎಎಫ್‌ಡಿ ಪೋರ್ಟಲ್‌ನಲ್ಲಿ ಕ್ಯಾಂಟೀನ್ ಕಾರ್ಡಿನಿಂದ ನೋಂದಾಯಿಸಿ, ಬೇಕಾದ ವೇರಿಯೆಂಟ್ ಪಟ್ಟಿಯಲ್ಲಿದೆಯೇ ನೋಡಿ, ಡೀಲರಿಂದ ಲಭ್ಯತಾ ಪತ್ರ ಪಡೆದು ಅಪ್‌ಲೋಡ್ ಮಾಡಬೇಕು. ಹಣ ಹೋಗುವುದು ಸಿಎಸ್‌ಡಿ ಖಾತೆಗೆ, ಡೀಲರಿಗಲ್ಲ. ಸಾಲ ಮಾಡುವವರು ಬ್ಯಾಂಕಿಗೆ ಇದನ್ನು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಚೆಕ್ ಡೀಲರ್ ಹೆಸರಿಗೆ ತಯಾರಾಗಿ ಕೂತಿರುತ್ತದೆ. 2019ರ ಆದೇಶದಲ್ಲಿ ಅಧಿಕಾರಿಗಳಿಗೆ 2500 ಸಿಸಿ, ಜಿಎಸ್‌ಟಿ ಬಿಟ್ಟು 12 ಲಕ್ಷ, ಎಂಟು ವರ್ಷಕ್ಕೊಂದು ಕಾರು ಎಂದಿತ್ತು. ಮಿತಿಗಳು ಬದಲಾಗುತ್ತಿರುತ್ತವೆ, ಕೊಳ್ಳುವ ದಿನದ್ದನ್ನು ಪೋರ್ಟಲ್‌ನಲ್ಲೇ ನೋಡಿ. ಎಂಟು ವರ್ಷದ ಅವಕಾಶವನ್ನು ಮೊದಲ ಕಾರಿಗೇ ಖರ್ಚು ಮಾಡಬೇಕೇ ಎಂಬುದೂ ಪ್ರಶ್ನೆ. ವರ್ಷದ ಕೊನೆಯಲ್ಲಿ ಹಳೆಯ ಸ್ಟಾಕಿಗೆ ಡೀಲರ್ ಕೊಡುವ ರಿಯಾಯಿತಿ ಕೆಲವೊಮ್ಮೆ 63 ಸಾವಿರವನ್ನು ಮೀರುತ್ತದೆ. ಸ್ವಿಫ್ಟ್‌ನಂಥ ಕಾರನ್ನು ಹೊರಗೇ ಕೊಂಡು ಸಿಎಸ್‌ಡಿ ಅವಕಾಶವನ್ನು ಮದುವೆಯಾದ ಮೇಲಿನ ದೊಡ್ಡ ಕಾರಿಗೆ ಇಟ್ಟುಕೊಳ್ಳುವುದು ಜಾಣತನ.

ಸಾಲದ ಲೆಕ್ಕ: 8 ಲಕ್ಷಕ್ಕೆ ಶೇ. 9ರಂತೆ ಐದು ವರ್ಷಕ್ಕೆ ಕಂತು 16,607. ಏಳು ವರ್ಷಕ್ಕೆ ಸುಮಾರು 12,870. ಕಂತು ಹಗುರವಾಯಿತು ಎಂದು ಏಳಕ್ಕೆ ಒಪ್ಪಿದರೆ ಬಡ್ಡಿ 1.96 ಲಕ್ಷದಿಂದ 2.81 ಲಕ್ಷಕ್ಕೆ ಏರುತ್ತದೆ. ಲೆಫ್ಟಿನೆಂಟ್‌ನ ಮೂಲವೇತನ 56,100, ಎಂಎಸ್‌ಪಿ (ಮಿಲಿಟರಿ ಸರ್ವಿಸ್ ಪೇ) 15,500, ಡಿಎ ಬೇರೆ. ಮೆಸ್ ಬಿಲ್ಲು ಹೋಗಿ ಕೈಗೆ ಬರುವುದರ ಕಾಲುಭಾಗಕ್ಕಿಂತ ಕಂತು ಹೆಚ್ಚಾಗಬಾರದು.

ನಂಬರು ರಾಜ್ಯ ಬದಲಾದರೂ ನಡೆಯುವ ಬಿಎಚ್ (ಭಾರತ್) ಸರಣಿಯದೇ ಇರಲಿ. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಕಾರಿಗೆ ಆಜೀವ ತೆರಿಗೆ ಶೇ. 14, ಅದರ ಮೇಲೆ ಸೆಸ್. 8 ಲಕ್ಷದ ಕಾರಿಗೆ ಒಮ್ಮೆಲೇ ಸುಮಾರು 1.24 ಲಕ್ಷ ಕಟ್ಟಿ, ಎರಡು ವರ್ಷಕ್ಕೆ ಪೋಸ್ಟಿಂಗ್ ಬದಲಾದರೆ ಎನ್‌ಒಸಿಗೆ ಫಾರ್ಮ್ 28, ಹೊಸ ರಾಜ್ಯದ ತೆರಿಗೆ, ಹಳೆಯದರ ಮರುಪಾವತಿಗೆ ಆರ್‌ಟಿಒ ಅಲೆದಾಟ. ಬಿಎಚ್‌ನಲ್ಲಿ ತೆರಿಗೆ ಎರಡೆರಡು ವರ್ಷದ್ದು, 10 ಲಕ್ಷದೊಳಗೆ ದರ ಶೇ. 8 (ಇದು ಇಡೀ ಅವಧಿಯ ದರ, ಎರಡು ವರ್ಷಕ್ಕೆ ಕಟ್ಟುವುದು ಅದರ ಒಂದು ಪಾಲು ಮಾತ್ರ), ಲೆಕ್ಕ ಜಿಎಸ್‌ಟಿ ಬಿಟ್ಟ ಬೆಲೆಯ ಮೇಲೆ. ಅವಧಿ ಮುಗಿದು ಏಳು ದಿನ ದಾಟಿದರೆ ದಿನಕ್ಕೆ ನೂರು ರೂಪಾಯಿ ದಂಡ. ಫೀಲ್ಡಿನಲ್ಲಿ ಇರುವಾಗಲೇ ಈ ತಾರೀಖು ಬರುವುದು ವಾಡಿಕೆ, ಆದ್ದರಿಂದ ಲಾಗಿನ್ ವಿವರ ಮನೆಯವರ ಬಳಿಯೂ ಇರಲಿ.

ನಮ್ಮ ಆಯ್ಕೆ: ಹತ್ತಿರದಲ್ಲಿ ವರ್ಕ್‌ಶಾಪ್ ಇದ್ದರೆ ಕೈಲಾಕ್ ಮ್ಯಾನುವಲ್, ನಡುವಿನ ವೇರಿಯೆಂಟ್ ಸಾಕು. ಮೊದಲ ಪೋಸ್ಟಿಂಗೇ ಫೀಲ್ಡಾದರೆ ಸ್ವಿಫ್ಟ್, ಏಕೆಂದರೆ ನಿಂತ ಕಾರಿನಲ್ಲಿ ಹೂಡಿದ ದುಡ್ಡು ಕಡಿಮೆ ಇದ್ದಷ್ಟೂ ಒಳ್ಳೆಯದು. ಜಿಮ್ನಿ, ಊರಲ್ಲಿ ತೋಟ ಇರುವವರಿಗೆ.

ನಿಲ್ಲಿಸಿ ಹೋಗುವ ಮುನ್ನ

ಮೂರು ತಿಂಗಳಿಗೂ ಮಿಕ್ಕಿ ನಿಲ್ಲಿಸುವುದಾದರೆ 10 ಮಿಮೀ ಸ್ಪ್ಯಾನರಿನಿಂದ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಟೈರಿಗೆ ಮಾಮೂಲಿಗಿಂತ ಐದಾರು ಪಿಎಸ್‌ಐ ಹೆಚ್ಚು ಗಾಳಿ, ಟ್ಯಾಂಕ್ ಭರ್ತಿ. ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಮಳೆಗಾಲದಲ್ಲಿ ಹಿಂದಿನ ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಮೊದಲ ಗೇರಿನಲ್ಲಿಟ್ಟು ಚಕ್ರಕ್ಕೆ ಇಟ್ಟಿಗೆ ಕೊಡಿ. ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವ ಪದ್ಧತಿ ಕೆಟ್ಟದ್ದು. ಸ್ಟಾರ್ಟಿಗೆ ಹೋದ ಚಾರ್ಜು ವಾಪಸ್ ಬರುವುದಿಲ್ಲ, ಸೈಲೆನ್ಸರಿನಲ್ಲಿ ನೀರು ನಿಲ್ಲುತ್ತದೆ. ತಮ್ಮನೋ ಅಣ್ಣನೋ ಹದಿನೈದು ದಿನಕ್ಕೊಮ್ಮೆ 20 ಕಿಲೋಮೀಟರ್ ಓಡಿಸಲಿ, ಇಲ್ಲವೇ ಮುಟ್ಟದೇ ಬಿಡಲಿ. ತಂತಿ ಮತ್ತೆ ಜೋಡಿಸಿದ ಮೇಲೆ ಕಿಟಕಿಯ ಗಾಜು ಒಂದೇ ಒತ್ತಿಗೆ ಏರದಿದ್ದರೆ ಕೆಟ್ಟಿದೆ ಎಂದುಕೊಳ್ಳಬೇಡಿ. ಪೂರ್ತಿ ಏರಿಸಿ ಸ್ವಿಚ್ಚನ್ನು ಕೆಲವು ಸೆಕೆಂಡು ಹಿಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.