ಕೊಬ್ಬರಿ ಅಟ್ಟಕ್ಕೆ ಮೂರು ಥರದ ಜಂತೆ: 16 ಅಡಿಯಲ್ಲಿ ಯಾವುದು ಎಷ್ಟು ಬಗ್ಗಿತು

ತಿಪಟೂರು ಕಡೆ ಅಟ್ಟ ಅಂದರೆ ಹಳೇ ಪಾತ್ರೆ ಎಸೆಯುವ ಜಾಗವಲ್ಲ. ಬಲಿತ ಕಾಯಿ ಅಲ್ಲಿ ಹತ್ತು ಹನ್ನೊಂದು ತಿಂಗಳು ಕೂತರೇನೇ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನುವ ಉಂಡೆ ಕೊಬ್ಬರಿಯಾಗುವುದು. ಅಷ್ಟು ದಿನವೂ ಭಾರ ಹೊರುವುದು ಗೋಡೆಯಿಂದ ಗೋಡೆಗೆ ಸಾಲಾಗಿ ಹಾಸುವ ಕೊಯ್ದ ಮರ, ಅಂದರೆ ಜಂತೆ.

ನಮ್ಮ ಹೊಸ ಕೊಟ್ಟಿಗೆ ಮೂರಂಕಣದ್ದು. ಒಂದೊಂದು ಅಂಕಣ 10 ಅಡಿ ಅಗಲ, ಗೋಡೆಯಿಂದ ಗೋಡೆಗೆ 16 ಅಡಿ. ಅಂಕಣಕ್ಕೆ 3,000 ಕಾಯಿ. ತಕ್ಕಡಿಗೆ ಹಾಕಿದಾಗ ಕಾಯಿಗೆ ಸರಾಸರಿ ಒಂದು ಕೆ.ಜಿ. ಬಂತು, ಅಂದರೆ ಚದರ ಮೀಟರಿಗೆ ಸುಮಾರು 200 ಕೆ.ಜಿ. ವಾಸದ ಮನೆಯ ಮಹಡಿಗೂ ಎಂಜಿನಿಯರುಗಳು ಹಿಡಿಯುವ ಲೆಕ್ಕ ಇಷ್ಟೇ. ಆದರೆ ಮನೆಯಲ್ಲಿ ಮೂಲೆಮೂಲೆಗೂ ಜನ ತುಂಬಿಕೊಂಡು ತಿಂಗಳುಗಟ್ಟಲೆ ನಿಂತಿರುವುದಿಲ್ಲವಲ್ಲ!

ಜಂತೆಯ ಅಳತೆ ವಿಷಯದಲ್ಲಿ ನನಗೂ ಮರಗೆಲಸದ ಆಚಾರ್ರಿಗೂ ಹೊಂದಲಿಲ್ಲ. "ದಪ್ಪ ನೋಡಿ ಹಾಕಣ ಬುಡಣ್ಣ, ನಾಲ್ಕಿಂಚಿಗೆ ಆರಿಂಚು ಸಾಕು" ಎಂದರು ಅವರು. ಕೊನೆಗೆ ಅಂಕಣಕ್ಕೊಂದು ಥರ ಹಾಕಿದೆವು. ಮೂರಕ್ಕೂ ಒಣಗಿಸಿದ ನೀಲಗಿರಿಯೇ, ಮೂರಕ್ಕೂ ಒಂದೂವರೆ ಅಡಿ ಅಂತರವೇ.

ಮೊದಲನೆಯದು ಆಚಾರ್ರ 4×6 ಇಂಚು. ಎರಡನೆಯದು ನನ್ನ ಹಟದ 3×8, ಎಂಟಿಂಚು ನೆಟ್ಟಗೆ ನಿಲ್ಲಿಸಿದ್ದು. ಸಾಮಿಲ್‌ನವನಿಗೆ ಎರಡೂ ಒಂದೇ: ಅಡ್ಡ ಕೊಯ್ತಕ್ಕೆ 24 ಚದರ ಇಂಚು, ಅಷ್ಟೇ ಮರ, ಅಷ್ಟೇ ದುಡ್ಡು. ಬಗ್ಗುವುದರಲ್ಲಿ ಮಾತ್ರ ಅಜಗಜಾಂತರ. ಅಗಲ ಎರಡರಷ್ಟಾದರೆ ಬಿಗಿ, ಅಂದರೆ ಬಗ್ಗದೆ ತಡೆಯುವ ಶಕ್ತಿ, ಎರಡರಷ್ಟು. ಎತ್ತರ ಎರಡರಷ್ಟಾದರೆ ಎಂಟರಷ್ಟು. ಆರರ ಘನ 216ನ್ನು ನಾಲ್ಕರಿಂದ ಗುಣಿಸಿದರೆ 864. ಎಂಟರ ಘನ 512ನ್ನು ಮೂರರಿಂದ ಗುಣಿಸಿದರೆ 1,536, ಅಂದರೆ ಸುಮಾರು ಒಂದೂಮುಕ್ಕಾಲು ಪಟ್ಟು ಬಿಗಿ.

ಕಾಯಿ ತುಂಬಿದ ವಾರ ಕೆಳಗಿನಿಂದ ದಾರ ಎಳೆದು ಅಳೆದೆ. 4×6 ನಡುವಿನಲ್ಲಿ ಒಂದು ಇಂಚಿಗೂ ಮೇಲೆ ತಗ್ಗಿತ್ತು, 3×8 ಅರ್ಧ ಇಂಚಿಗಿಂತ ತುಸು ಹೆಚ್ಚು. ನಮ್ಮ ದೇಶದ ಮರಗೆಲಸದ ಮಾನಕದಲ್ಲಿ ಇಂಥ ಜಂತೆಗೆ ಇರುವ ಮಿತಿ ಉದ್ದದ 240ನೇ ಒಂದು ಭಾಗ. 16 ಅಡಿಗೆ 0.8 ಇಂಚು. ಆರು ತಿಂಗಳಿಗೆ ಮೊದಲನೆಯದು ಒಂದೂಮುಕ್ಕಾಲು ಇಂಚಿಗೆ ಇಳಿದಿತ್ತು. ಮುರಿಯುವ ಭಯವಿರಲಿಲ್ಲ, ಆದರೆ ಭಾರ ಹೊತ್ತೇ ಇದ್ದರೆ ಮರ ನಿಧಾನಕ್ಕೆ ಜೋಲುತ್ತಲೇ ಹೋಗುತ್ತದೆ. ಅಟ್ಟ ಖಾಲಿ ಮಾಡಿದ ಮೇಲೂ ಅರ್ಧ ಇಂಚು ಜೋಲು ಹಾಗೇ ಉಳಿಯಿತು. 3×8 ಕೂಡ ಅಷ್ಟರಲ್ಲಿ ಒಂದು ಇಂಚಿನ ಹತ್ತಿರ ಬಂದಿತ್ತು, ಸುಳ್ಳು ಹೇಳಬಾರದು.

ಆಚಾರ್ರ ತಪ್ಪಲ್ಲ. ಅವರ ಕೈ ಪಳಗಿದ್ದು ಹತ್ತು ಹನ್ನೆರಡು ಅಡಿಯ ಹಳೇ ಮನೆಗಳಲ್ಲಿ. 12 ಅಡಿಯಿಂದ 16ಕ್ಕೆ ಹೋದರೆ ಅದೇ ಜಂತೆ, ಅದೇ ಅಂತರ, ಮೂರು ಪಟ್ಟಿಗೂ ಹೆಚ್ಚು ಬಗ್ಗುತ್ತದೆ. 3×8 ಬಗ್ಗೆ ಅವರು ಹೇಳಿದ ಒಂದು ಮಾತಂತೂ ನಿಜವಾಯಿತು: "ಮಗುಚ್ಕಳುತ್ತೆ ಕಣಣ್ಣ." ತೆಳು ಜಂತೆ ಪಕ್ಕಕ್ಕೆ ವಾಲದ ಹಾಗೆ ಎರಡು ತುದಿಗೂ ನಡುವಿಗೂ ಅಡ್ಡ ತುಂಡು ಹೊಡೆಯಬೇಕಾಯಿತು. ಅದರ ಕೂಲಿ ಬೇರೆ.

ಮೂರನೇ ಅಂಕಣದಲ್ಲಿ 3×5 ಜಂತೆ, ಅವುಗಳ ನಡುವಿಗೆ ಕೆಳಗಿನಿಂದ ಅಡ್ಡಲಾಗಿ ಒಂದು 6×10 ತೊಲೆ. ತೊಲೆಯ ಒಂದು ತುದಿ ಗೋಡೆ ಮೇಲೆ, ಇನ್ನೊಂದು ಕಲ್ಲುಕಂಬದ ಮೇಲೆ. ಕಾಯಿಯ ಅರ್ಧ ಭಾರ, ಒಂದೂವರೆ ಟನ್, ತೊಲೆಗೇ ಬೀಳುವುದರಿಂದ ಕಂಬದ ಬುಡಕ್ಕೆ ಪಾಯ ತೋಡಿಸಿದ್ದೆ. ಎಂಟಡಿಗೆ ಇಳಿದ ಜಂತೆಗಳು ಅಲ್ಲಾಡಲೇ ಇಲ್ಲ. ತೊಲೆಯದೂ ಸೇರಿ ಕಾಲಿಂಚು ತಗ್ಗಿರಬಹುದು. ತೊಲೆ ಸೇರಿಸಿ ಲೆಕ್ಕ ಹಾಕಿದರೂ ಮರ ಕಡಿಮೆಯೇ ಹಿಡಿಯಿತು. ತೊಂದರೆ ಒಂದೇ, ಕಂಬ ಟ್ರ್ಯಾಕ್ಟರ್ ದಾರಿಗೆ ಅಡ್ಡ.

ಸೀಳಿದ ತೆಂಗಿನ ಮರ ಹಾಕಬಾರದಿತ್ತೇ ಅಂತ ಕೇಳುವವರಿದ್ದಾರೆ. ಅಪ್ಪನ ಕಾಲದಲ್ಲಿ ಹಾಕಿದ್ದರು. ತೆಂಗಿಗೆ ಗಟ್ಟಿ ಇರುವುದು ಹೊರಮೈಯಲ್ಲಿ, ಒಳಗೆಲ್ಲ ನಾರು. ಸೀಳಿದರೆ ಒಂದು ಮುಖ ಮೆದುವೇ. ಚಿಕ್ಕ ಅಟ್ಟಕ್ಕೆ ಸರಿ, 16 ಅಡಿಗಲ್ಲ.

ಎರಡನೇ ಅಂಕಣವನ್ನು ಇದ್ದ ಹಾಗೇ ಬಿಟ್ಟಿದ್ದೇನೆ. ಮೊದಲನೆಯದಕ್ಕೆ ಹೊಸ ಕಾಯಿ ಏರಿಸುವ ಮುಂಚೆ ನಡುತೊಲೆ ಕೊಡಿಸಬೇಕು. ಕಲ್ಲುಕಂಬ ಆಗಲೇ ಅಂಗಳದಲ್ಲಿ ಬಿದ್ದಿದೆ. ಟ್ರ್ಯಾಕ್ಟರ್ ಹೊರಗೇ ನಿಲ್ಲಲಿ.