ಲೂಗರ್ ಪಿ08, ವಾಲ್ಥರ್ ಪಿ38: 25 ಮೀಟರ್ ದೂರದಿಂದ

ಖಾಲಿ ಲೂಗರ್ ಹಿಡಿದು, ಕಣ್ಣು ಮುಚ್ಚಿ, ಗುರಿಯ ಕಡೆಗೆ ಕೈ ಚಾಚಿದೆ. ಕಣ್ಣು ಬಿಟ್ಟಾಗ ನಳಿಕೆ ಸರಿಯಾಗಿ ಅಲ್ಲೇ ನೆಟ್ಟಿತ್ತು. ಅದರ ಹಿಡಿ ಅಷ್ಟು ಓರೆ, ಬೆರಳು ತೋರಿಸಿದಷ್ಟೇ ಸಲೀಸು. ವಾಲ್ಥರ್ ಹಿಡಿದು ಹಾಗೇ ಮಾಡಿದರೆ ಮೂತಿ ತುಸು ಕೆಳಗಿತ್ತು.

ಎರಡೂ ಜರ್ಮನ್ ಸೇನೆಯ ಪಿಸ್ತೂಲುಗಳು. ಎರಡಕ್ಕೂ ಅದೇ 9 ಮಿ.ಮೀ. ತೋಟಾ, ಮ್ಯಾಗಜಿನ್‌ಗೆ 8 ಗುಂಡು. ಲೂಗರನ್ನು ಸೇನೆ 1908ರಲ್ಲಿ ತೆಗೆದುಕೊಂಡಿತು. ಅದನ್ನು ತಯಾರಿಸಲು ಕೆಲಸವೂ ಖರ್ಚೂ ಜಾಸ್ತಿ. ಅದಕ್ಕೇ ಮುಂದೆ ಅದರ ಜಾಗಕ್ಕೆ ಪಿ38 ಬಂತು.

ಬೆಳಗಿನ ತಂಪು ಬೆಳಕಿನಲ್ಲಿ ಲೂಗರ್ ಗೆದ್ದಿತು. ಎಂಟೂ ಗುಂಡು ಒಂದು ಅಂಗೈಯಗಲದಲ್ಲಿ ಬಿದ್ದವು. ನಳಿಕೆ ಕೈಗೆ ಹತ್ತಿರ, ತಗ್ಗಿನಲ್ಲಿರುವುದರಿಂದ ಮೂತಿ ಹೆಚ್ಚು ಎಗರುವುದಿಲ್ಲ. ಪ್ರತಿ ಗುಂಡಿಗೂ ಮೇಲಿನ ಕೀಲು ಮೊಣಕಾಲಿನ ಹಾಗೆ ಮಡಚಿ ಮೇಲೇಳುತ್ತದೆ. ಗುರಿ ನೋಡಲು ಇರುವ ಹಿಂದಿನ ಸೈಟ್ ಆ ಕೀಲಿನ ಮೇಲೇ ಇದೆ, ಅದೂ ಜೊತೆಗೆ ಎದ್ದು ಮತ್ತೆ ತನ್ನ ಜಾಗಕ್ಕೆ ಬಂದು ಕೂರುತ್ತದೆ. ನೋಡೋದೇ ಒಂದು ಖುಷಿ. ಟ್ರಿಗರ್ ಮಾತ್ರ ಮೆತ್ತಗೆ, ಯಾವಾಗ ಬಿಡುತ್ತದೆ ಅಂತ ಬೆರಳಿಗೆ ಗೊತ್ತಾಗುವುದಿಲ್ಲ.

ಬಿಸಿಲು ಏರಿದ ಮೇಲೆ ಲೆಕ್ಕ ಬದಲಾಯಿತು. ಲೂಗರ್‌ನ ಮುಂದಿನ ಸೈಟ್ ಮೇಲೆ ಚೂಪು, ಹಿಂದಿನದು ಚಿಕ್ಕ ವಿ ಆಕಾರದ ಸೀಳು. ಬಿಳಿ ಕಾಗದದ ಮೇಲೆ ಆ ಚೂಪು ತುದಿ ಕಣ್ಣಿಗೇ ಸಿಗಲಿಲ್ಲ. ವಾಲ್ಥರ್‌ನ ಸೈಟ್ ಅದಕ್ಕಿಂತ ಅಗಲ, ನಡುಹಗಲಲ್ಲೂ ಕಾಣುತ್ತದೆ.

ವಾಲ್ಥರ್‌ನ ಮೊದಲ ಗುಂಡೇ ಕಷ್ಟ. ಹ್ಯಾಮರ್, ಅಂದರೆ ತೋಟಾ ಸಿಡಿಸಲು ಹಿಂದಿನಿಂದ ಬಡಿಯುವ ಭಾಗ, ಇಳಿದಿದ್ದರೆ ಟ್ರಿಗರ್ ತುಂಬ ಉದ್ದ, ತುಂಬ ಬಿಗಿ. ನನ್ನ ಮೊದಲ ಗುಂಡು ಎರಡು ಸಲವೂ ಎಡಕ್ಕೆ, ಕೆಳಕ್ಕೆ ಹೋಯಿತು. ಹೆಬ್ಬೆರಳಲ್ಲಿ ಹ್ಯಾಮರ್ ಎಳೆದು ಹೊಡೆದರೆ ಆ ತೊಂದರೆ ಇಲ್ಲ. ಇನ್ನೊಂದು ಮಾತು, ಇದು ಖಾಲಿ ತೋಟಾವನ್ನು ಎಡಕ್ಕೆ ಎಸೆಯುತ್ತದೆ. ಎಡಗಡೆ ನಿಂತವರಿಗೆ ಮೊದಲೇ ಹೇಳಿಬಿಡಿ. ಲೂಗರ್ ಮೇಲಕ್ಕೆ, ಹಿಂದಕ್ಕೆ ಚಿಮ್ಮಿಸುತ್ತದೆ. ನನ್ನ ಟೋಪಿಯ ಮೇಲೇ ಎರಡು ಬಿದ್ದವು. ಕನ್ನಡಕ ಇಲ್ಲದೆ ಹೊಡೆಯಲೇಬೇಡಿ.

ಸಿಕ್ಕಿಕೊಂಡದ್ದು ಲೂಗರ್ ಮಾತ್ರ, ಮೂರು ಸಲ. ತಪ್ಪು ಪಿಸ್ತೂಲಿನದಲ್ಲ, ನಾನು ತಂದಿದ್ದ ತೋಟಾಗಳಲ್ಲಿ ಮದ್ದಿನ ಜೋರು ಕಡಿಮೆ. ಕೀಲು ಪೂರ್ತಿ ಹಿಂದಕ್ಕೆ ಹೋಗದೆ ಖಾಲಿ ತೋಟಾ ನಡುವೆ ನೆಟ್ಟಗೆ ನಿಂತುಬಿಡುತ್ತಿತ್ತು. 124 ಗ್ರೇನ್ (ಸುಮಾರು 8 ಗ್ರಾಂ) ತೂಕದ ಗುಂಡಿನ, ಸಾಮಾನ್ಯ ಜೋರಿನ ತೋಟಾ ಹಾಕಿದ ಮೇಲೆ ಒಂದೂ ಸಿಕ್ಕಿಕೊಳ್ಳಲಿಲ್ಲ. ಹಾಗಂತ ಪ್ಲಸ್ ಪಿ, ಅಂದರೆ ಮಾಮೂಲಿಗಿಂತ ಹೆಚ್ಚು ಒತ್ತಡದ ತೋಟಾ ಎರಡಕ್ಕೂ ಬೇಡ, ಹಳೆಯ ಉಕ್ಕು. ವಾಲ್ಥರ್ ಎರಡು ಬಗೆಯನ್ನೂ ತಡೆಯಿಲ್ಲದೆ ಹಾರಿಸಿತು.

ಇಡೀ ದಿನ ಹೊಡೆಯೋದಾದರೆ ನಾನು ವಾಲ್ಥರ್ ಒಯ್ಯುತ್ತೇನೆ. ಲೂಗರ್‌ನ ಬಹುತೇಕ ಭಾಗಗಳ ಮೇಲೆ ಅದೇ ಪಿಸ್ತೂಲಿನ ನಂಬರ್ ಕೊರೆದಿದೆ. ಒಂದು ಮುರಿದರೆ ಅದರ ಜೋಡಿ ಮತ್ತೆ ಸಿಗೋದಿಲ್ಲ, ಆ ಭಯ ಕೈಯಲ್ಲೇ ಇರುತ್ತದೆ. ಆದರೂ ಮುಂದಿನ ಸಲ ಬಿಸಿಲು ಏರುವ ಮೊದಲು ಲೂಗರ್‌ನ ಎರಡು ಮ್ಯಾಗಜಿನ್ ಮುಗಿಸಿಯೇ ವಾಲ್ಥರ್ ಮುಟ್ಟೋದು.