ಇಡೀ ಹುಳಿಯೋ, ಬೇಳೆ-ಮಸಾಲೆಯೋ, ಗೊಜ್ಜೋ: ಮುಂಗಡ ಅಡುಗೆಯ ಮೂರು ದಾರಿಗಳು

ನಮ್ಮ ಮನೆಯಲ್ಲಿ ದುಡಿಯುವವರು ಇಬ್ಬರು, ಉಣ್ಣುವವರು ಐವರು. ಇದರ ಮೇಲೆ, ಆಸ್ಪತ್ರೆ, ಮದುವೆ, ಮಕ್ಕಳ ಕಾಲೇಜು ಸೀಟು ಎಂದು ಊರಿನಿಂದ ಬೆಂಗಳೂರಿಗೆ ಬರುವ ನೆಂಟರು ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದ ಮೇಲೆಯೇ ಫೋನು ಮಾಡುವುದು ರೂಢಿ. ಅಲ್ಲಿಂದ ನಮ್ಮ ಮನೆಗೆ ಮುಕ್ಕಾಲು ಗಂಟೆಯ ದಾರಿ. ಆ ಮುಕ್ಕಾಲು ಗಂಟೆಯಲ್ಲಿ ಊಟಕ್ಕೆ ಎಲೆ ಹಾಕುವಂತಿರಬೇಕು, ಉಂಡವರಿಗೆ ಅದು ನಿನ್ನೆಯ ಅಡುಗೆ ಎನ್ನಿಸಬಾರದು ಎಂಬ ಎರಡೇ ನಿಯಮಗಳನ್ನು ಇಟ್ಟುಕೊಂಡು, ಸಂಕ್ರಾಂತಿಯಿಂದ ದಸರೆಯವರೆಗೆ ಮೂರು ವಿಧಾನಗಳನ್ನು ಪ್ರಯೋಗಿಸಿ ನೋಡಿದೆ. ಒಂದು, ಅಡುಗೆಯನ್ನು ಪೂರ್ತಿ ಮಾಡಿ ಫ್ರೀಜರಿನಲ್ಲಿಡುವುದು. ಎರಡು, ಬೇಯಿಸಿದ ಬೇಳೆ, ರುಬ್ಬಿದ ಮಸಾಲೆ, ಬಿಡಿಸಿದ ಕಾಳುಗಳನ್ನು ಬೇರೆ ಬೇರೆಯಾಗಿ ಇಡುವುದು. ಮೂರು, ಫ್ರೀಜರಿನ ಹಂಗೇ ಇಲ್ಲದ ಹಳೆಯ ಕಾಲದ ಗೊಜ್ಜು.

ಮೊದಲನೆಯದರಲ್ಲಿ ನನಗೆ ಹೆಚ್ಚು ಭರವಸೆಯಿತ್ತು. ಭಾನುವಾರ ಬೆಳಿಗ್ಗೆ ದೊಡ್ಡ ಪಾತ್ರೆಯಲ್ಲಿ ಆಲೂಗಡ್ಡೆ, ಬೂದುಗುಂಬಳ, ನುಗ್ಗೆಕಾಯಿ ಹಾಕಿದ ಹುಳಿ ಮಾಡಿ, ಪಾತ್ರೆಯನ್ನು ತಣ್ಣೀರಿನ ಟಬ್ಬಿನಲ್ಲಿಟ್ಟು ಬೇಗ ಆರಿಸಿ, ಎರಡು ಗಂಟೆಯೊಳಗೆ ಸ್ಟೀಲ್ ಡಬ್ಬಿಗಳಿಗೆ ತುಂಬಿ ಫ್ರೀಜರಿಗೆ ಸೇರಿಸಿದೆ. ನೀರು ಮಂಜಾಗುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆಂಬುದು ಗೊತ್ತಿದ್ದುದರಿಂದ ಡಬ್ಬಿಯ ಬಾಯಿಯ ಬಳಿ ಒಂದು ಬೆರಳಿನಷ್ಟು ಜಾಗ ಬಿಟ್ಟಿದ್ದೆ. ಆದರೆ ಅದೇ ಹಿಗ್ಗುವಿಕೆ ತರಕಾರಿಯ ಒಳಗೂ ನಡೆಯುತ್ತದೆಂಬುದನ್ನು ಯೋಚಿಸಿರಲಿಲ್ಲ. ಮಂಜಿನ ಹರಳುಗಳು ತರಕಾರಿಯ ಜೀವಕೋಶಗಳ ಗೋಡೆಗಳನ್ನು ಒಡೆಯುವುದರಿಂದ, ಹತ್ತು ದಿನಗಳ ನಂತರ ಹೊರತೆಗೆದಾಗ ಬೂದುಗುಂಬಳದ ಹೋಳುಗಳು ಹಿಂಡಿದ ಬಟ್ಟೆಯಂತಾಗಿದ್ದವು, ಆಲೂಗಡ್ಡೆ ಬಾಯಿಗೆ ಮರಳು ಮರಳಾಗಿ ಸಿಗುತ್ತಿತ್ತು, ನುಗ್ಗೆಕಾಯಿಯಲ್ಲಿ ನಾರು ಮಾತ್ರ ಉಳಿದಿತ್ತು.

ಸಮಯದ ಲೆಕ್ಕವೂ ತಪ್ಪಿತು. ಒಂದು ಲೀಟರಿನ ಡಬ್ಬಿಯಿಂದ ಕಳಚಿಕೊಂಡ ಹುಳಿಯ ಗಡ್ಡೆಯನ್ನು ಬಾಣಲೆಗೆ ಹಾಕಿ ಒಲೆಯ ಮುಂದೆ ನಿಂತೆ. ಕೆಳಗಿನ ಬೇಳೆ ತಳ ಹಿಡಿದು ಸೀದ ವಾಸನೆ ಬರತೊಡಗಿದರೂ ನಡುವಿನ ಗಡ್ಡೆ ಸೌಟಿಗೆ ಟಣ್ ಎನ್ನುತ್ತಿತ್ತು. ಮುಂದಿನ ಸಲ ಡಬ್ಬಿಯನ್ನು ಬಿಟ್ಟು, ಜಿಪ್ ಕವರಿನಲ್ಲಿ ಎರಡು ಲೋಟದಷ್ಟು ಮಾತ್ರ ತುಂಬಿ, ರೊಟ್ಟಿಯಂತೆ ಚಪ್ಪಟೆಯಾಗಿ ಮಲಗಿಸಿ ಇಟ್ಟೆ. ತೆಳ್ಳಗಿದ್ದರೆ ಬೇಗ ಗಟ್ಟಿಯಾಗುತ್ತದೆ, ಬೇಗ ಗಟ್ಟಿಯಾದರೆ ಹರಳುಗಳು ಸಣ್ಣವಾಗಿರುತ್ತವೆ, ಕರಗಲು ಹತ್ತು ನಿಮಿಷ ಸಾಕು. ಇಷ್ಟಾದರೂ ಹುಳಿಯಲ್ಲಿ ಒಗ್ಗರಣೆಯ ಘಮ ಎಲ್ಲೋ ಅಡಗಿಹೋಗಿತ್ತು. ಮಜ್ಜಿಗೆಹುಳಿಯ ವಿಷಯವನ್ನು ಹೇಳದಿರುವುದೇ ಲೇಸು: ಮೊಸರು ಒಡೆದು ನೀರು ಬೇರೆ, ತರಿ ಬೇರೆಯಾಗಿತ್ತು.

ಈ ವಿಧಾನದಲ್ಲಿ ಗೆದ್ದವೂ ಇವೆ. ಕಡಲೆಕಾಳು, ಅಲಸಂದೆ, ಹುರುಳಿಯ ಸಾರುಗಳು ತಿಂಗಳಾದರೂ ಕೆಡಲಿಲ್ಲ, ರುಚಿಯೂ ಅಷ್ಟಾಗಿ ಕುಂದಲಿಲ್ಲ. ಇಡ್ಲಿಯಂತೂ ಅಚ್ಚರಿ, ಆರಿದ ಇಡ್ಲಿಗಳನ್ನು ಒಂದಕ್ಕೊಂದು ತಾಗದಂತೆ ತಟ್ಟೆಯಲ್ಲಿಟ್ಟು ಗಟ್ಟಿ ಮಾಡಿ, ಬಳಿಕ ಕವರಿಗೆ ತುಂಬಿದರೆ, ಬೇಕಾದಾಗ ಹತ್ತು ನಿಮಿಷದ ಹಬೆಯಲ್ಲಿ ಮತ್ತೆ ಮೆತ್ತಗಾಗುತ್ತವೆ. ಅನ್ನವೂ ಹಾಗೆಯೇ. ಫ್ರಿಜ್ಜಿನ ಕೆಳಗಿನ ಭಾಗದ ತಂಪಿನಲ್ಲಿ ಅನ್ನದ ಪಿಷ್ಟ ಬಹುಬೇಗ ಬಿರುಸಾಗುತ್ತದೆ, ಫ್ರೀಜರಿನಲ್ಲಿ ಅಷ್ಟಾಗುವುದಿಲ್ಲ. ಆದರೆ ಕುಕ್ಕರಿನಲ್ಲಿ ಇಪ್ಪತ್ತು ನಿಮಿಷಕ್ಕೆ ಬಿಸಿ ಅನ್ನವಾಗುವಾಗ ಅದಕ್ಕೆ ಫ್ರೀಜರಿನ ಜಾಗ ಕೊಡುವುದು ದಂಡವೆಂದು ಬಿಟ್ಟುಬಿಟ್ಟೆ.

ನಮ್ಮ ಅತ್ತೆಯವರು ಇದನ್ನೆಲ್ಲ ನೋಡಿ, "ತಂಗಳನ್ನು ಪೆಟ್ಟಿಗೆಯಲ್ಲಿಟ್ಟರೆ ಹೊಸದಾಗುತ್ತದೆಯೇನಮ್ಮಾ?" ಎಂದು ಕೇಳಿದ್ದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಮೈನಸ್ 18 ಡಿಗ್ರಿಯ ಚಳಿಯಲ್ಲಿ ಕ್ರಿಮಿಗಳು ಬೆಳೆಯುವುದಿಲ್ಲವೇ ಹೊರತು ಸಾಯುವುದೂ ಇಲ್ಲ. ಒಳಗೆ ಇಟ್ಟಾಗ ಹೇಗಿತ್ತೋ ಹೊರಗೆ ಬರುವಾಗ ಅದಕ್ಕಿಂತ ಚೆನ್ನಾಗಿರಲು ಸಾಧ್ಯವಿಲ್ಲ. ಎರಡನೆಯ ವಿಧಾನಕ್ಕೆ ನಾನು ತಿರುಗಿದ್ದು ಈ ಮಾತಿನಿಂದಲೇ: ಹುಳಿಯನ್ನು ಇಡುವ ಬದಲು ಹುಳಿಯ ತಯಾರಿಯನ್ನು ಇಟ್ಟರೆ ತಂಗಳಾಗುವುದಕ್ಕೆ ಅಲ್ಲಿ ಅಡುಗೆಯೇ ಇರುವುದಿಲ್ಲ.

ತೊಗರಿಬೇಳೆಯನ್ನು ಅರಿಶಿನ, ಎರಡು ಹನಿ ಎಣ್ಣೆಯೊಂದಿಗೆ ಮೆತ್ತಗೆ ಬೇಯಿಸಿ, ಮಸೆದು, ಚಪ್ಪಟೆ ಕವರುಗಳಲ್ಲಿಟ್ಟೆ. ಕಡಲೆಬೇಳೆ, ಉದ್ದಿನಬೇಳೆ, ಧನಿಯಾ, ಮೆಂತ್ಯ, ಬ್ಯಾಡಗಿ ಮೆಣಸಿನಕಾಯಿಗಳನ್ನು ಹುರಿದು, ತೆಂಗಿನತುರಿಯೊಂದಿಗೆ ಆದಷ್ಟು ಕಡಿಮೆ ನೀರಿನಲ್ಲಿ ರುಬ್ಬಿ, ಐಸ್ ಟ್ರೇಯಲ್ಲಿ ತುಂಬಿ ಗಟ್ಟಿ ಮಾಡಿದೆ. ಐದು ಜನಕ್ಕೆ ಒಂದು ಕವರು ಬೇಳೆ, ನಾಲ್ಕು ಗಟ್ಟಿ ಮಸಾಲೆ. ಬೀನ್ಸೋ ಮೂಲಂಗಿಯೋ, ಮನೆಯಲ್ಲಿದ್ದ ತರಕಾರಿಯನ್ನು ಹೆಚ್ಚಿ ಬೇಯಲಿಟ್ಟು, ಅದು ಬೇಯುವಷ್ಟರಲ್ಲಿ ಹುಣಿಸೆಹಣ್ಣು ಕಿವುಚಿ, ಬೇಳೆ ಮತ್ತು ಮಸಾಲೆಯನ್ನು ಕರಗಿಸದೆ ನೇರವಾಗಿ ಪಾತ್ರೆಗಿಳಿಸಿ, ಒಂದು ಒಳ್ಳೆಯ ಕುದಿ ಬಂದ ಮೇಲೆ ಇಂಗು-ಕರಿಬೇವಿನ ಹೊಸ ಒಗ್ಗರಣೆ ಕೊಟ್ಟರೆ ಇಪ್ಪತ್ತೈದು ನಿಮಿಷಕ್ಕೆ ಹುಳಿ ಸಿದ್ಧ. ಅತ್ತೆಯವರು ಎರಡನೆಯ ಸಲ ಬಡಿಸಿಕೊಂಡರು. ಅದಕ್ಕಿಂತ ದೊಡ್ಡ ಪ್ರಮಾಣಪತ್ರ ನಮ್ಮ ಮನೆಯಲ್ಲಿಲ್ಲ.

ಇದೇ ದಾರಿಯಲ್ಲಿ ನನಗೆ ಅತಿ ಹೆಚ್ಚು ಸುಖ ಕೊಟ್ಟದ್ದು ಹಿತಕಿದ ಬೇಳೆ. ಡಿಸೆಂಬರ್-ಜನವರಿಯಲ್ಲಿ ಸೊಗಡಿನ ಅವರೆಕಾಯಿ ರಾಶಿ ಬೀಳುತ್ತದೆ, ಆಮೇಲೆ ಹತ್ತು ತಿಂಗಳು ಬಾಯಿ ಚಪ್ಪರಿಸಿ ಕಾಯಬೇಕು. ಸಂಕ್ರಾಂತಿಯ ಹಿಂದಿನ ವಾರ ಐದು ಕೆಜಿ ಕಾಯಿ ತಂದು, ಮನೆಮಂದಿಯೆಲ್ಲ ಕೂತು ಬಿಡಿಸಿ, ಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಒಂದೊಂದನ್ನೇ ಹಿತುಕಿ ಸಿಪ್ಪೆ ತೆಗೆದೆವು. ಹಿತಕಿದ ಬೇಳೆಯನ್ನು ಬಟ್ಟೆಯ ಮೇಲೆ ಹರಡಿ ನೀರಿನ ಪಸೆ ಹೋಗಲಾಡಿಸಿ, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಗಟ್ಟಿ ಮಾಡಿ, ಬಳಿಕ ಕವರಿಗೆ ಹಾಕಿದ್ದರಿಂದ ಅವು ಒಂದಕ್ಕೊಂದು ಅಂಟದೆ, ಬೇಕಾದಾಗ ಹಿಡಿ ಹಿಡಿಯಾಗಿ ಸುರಿದುಕೊಳ್ಳುವಂತಿದ್ದವು. ಜೂನ್ ತಿಂಗಳ ಮಳೆಯಲ್ಲಿ ಮುದ್ದೆಯ ಜೊತೆ ಹಿತಕಬೇಳೆ ಸಾರು ಬಡಿಸಿದಾಗ, ಕೋಲಾರದ ಕಡೆಯ ನೆಂಟರೊಬ್ಬರು ತಟ್ಟೆಯನ್ನೇ ಒಂದು ಕ್ಷಣ ನೋಡುತ್ತ ಕೂತರು. ಹೊಸ ಕಾಳಿನ ಸೊಗಡು ಅಷ್ಟಕ್ಕಷ್ಟೇ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಆದರೂ ಅದು ಅವರೆಯೇ ಆಗಿತ್ತು.

ಈ ವಿಧಾನದ ಕುಂದುಗಳನ್ನೂ ಹೇಳಬೇಕು. ಮಸಾಲೆ ಇಟ್ಟ ಟ್ರೇಯಲ್ಲಿ ಮತ್ತೆ ಐಸ್ ಮಾಡಬಾರದು. ಬೆಳ್ಳುಳ್ಳಿ ವಾಸನೆಯ ನಿಂಬೆ ಶರಬತ್ತನ್ನು ಮಕ್ಕಳು ಇನ್ನೂ ಮರೆತಿಲ್ಲ. ಕವರಿನ ಮೇಲೆ ಹೆಸರು, ತಾರೀಖು ಬರೆಯದಿದ್ದರೆ ಎಲ್ಲವೂ ಒಂದೇ ಬಣ್ಣದ ಹಲಗೆಗಳಂತೆ ಕಾಣುತ್ತವೆ. ಯುಗಾದಿಯ ಹೋಳಿಗೆಗೆ ಮಾಡಿ ಮಿಕ್ಕ ಹೂರಣವನ್ನು ನಾನು ಒಮ್ಮೆ ಬೇಳೆಯೆಂದೇ ತಿಳಿದು ಕುದಿಯುವ ಹುಳಿಗೆ ಹಾಕಿಬಿಟ್ಟೆ. ಅಂದು ಉಣ್ಣಲು ಬಂದಿದ್ದ ಧಾರವಾಡದ ಕಡೆಯವರು, ಈ ಸೀಮೆಯ ಸಾಂಬಾರು ಸಿಹಿ ಎಂದು ಕೇಳಿದ್ದೆವು, ಇಷ್ಟು ಎಂದು ಗೊತ್ತಿರಲಿಲ್ಲ ಎಂದರು.

ಮೂರನೆಯದಾದ ಪುಳಿಯೋಗರೆ ಗೊಜ್ಜಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಹುಣಿಸೆಯ ಹುಳಿ, ಉಪ್ಪು, ಬೆಲ್ಲ ಸೇರಿ, ಎಣ್ಣೆ ಅಂಚಿಗೆ ಬಿಡುವವರೆಗೆ ನೀರಿನಂಶವೆಲ್ಲ ಇಂಗಿದ ಗೊಜ್ಜಿನಲ್ಲಿ ಕ್ರಿಮಿಗಳಿಗೆ ನೆಲೆಯಿಲ್ಲ. ಒಣ ಚಮಚ ಬಳಸಿದರೆ ವಾರಗಟ್ಟಲೆ ಇರುತ್ತದೆ. ಅನ್ನ ಆರುವಷ್ಟೇ ಹೊತ್ತು. ಇದರ ಬೆಲೆ ನನಗೆ ಗೊತ್ತಾದದ್ದು ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಕೆಟ್ಟು ಒಂದೂವರೆ ದಿನ ಕರೆಂಟು ಇಲ್ಲದಾದಾಗ. ಬಾಗಿಲು ತೆಗೆಯದಿದ್ದರೆ ತುಂಬಿದ ಫ್ರೀಜರು ಸುಮಾರು 48 ಗಂಟೆ, ಅರ್ಧ ತುಂಬಿದ್ದು ಸುಮಾರು 24 ಗಂಟೆ ಚಳಿಯನ್ನು ಹಿಡಿದಿಡುತ್ತದೆ. ನಮ್ಮದು ಅರ್ಧ ತುಂಬಿತ್ತು, ಮನೆಯವರೆಲ್ಲ ಸರದಿಯಂತೆ ಬಾಗಿಲು ತೆಗೆದು "ಕರಗಿದೆಯಾ" ಎಂದು ನೋಡುತ್ತಿದ್ದರು. ಬೆಂದ ಬೇಳೆ, ಸಾರು, ಮಸಾಲೆಗಳನ್ನೆಲ್ಲ ಚೆಲ್ಲಬೇಕಾಯಿತು. ಆ ಎರಡು ಹೊತ್ತು ನಮ್ಮನ್ನು ಕಾಪಾಡಿದ್ದು ಜಾಡಿಯ ಗೊಜ್ಜು. ಆದರೆ ಮೂರನೆಯ ಹೊತ್ತಿಗೆ ಅದನ್ನು ಯಾರೂ ಮುಟ್ಟಲಿಲ್ಲ, ಆಸ್ಪತ್ರೆಯಿಂದ ಬಂದ ಪಥ್ಯದವರಿಗಂತೂ ಅದನ್ನು ಬಡಿಸುವಂತೆಯೇ ಇಲ್ಲ.

ಹೀಗಾಗಿ ಈಗ ನಮ್ಮ ಫ್ರೀಜರಿನ ಮುಕ್ಕಾಲು ಭಾಗ ಬೇಳೆ, ಮಸಾಲೆ, ತೆಂಗಿನತುರಿ ಮತ್ತು ಕಾಳುಗಳದ್ದು. ಪೂರ್ತಿ ಮಾಡಿಟ್ಟ ಅಡುಗೆಯೆಂದರೆ ಇಡ್ಲಿ ಮತ್ತು ಒಂದೆರಡು ಕವರು ಕಾಳಿನ ಸಾರು ಮಾತ್ರ. ಗೊಜ್ಜಿನ ಜಾಡಿ ಕರೆಂಟಿನ ಗೊಡವೆಯಿಲ್ಲದೆ ಕಪಾಟಿನಲ್ಲಿದೆ. ಮೆಜೆಸ್ಟಿಕ್ಕಿನಿಂದ ಫೋನು ಬಂದರೆ ಮೊದಲು ಅಕ್ಕಿ ತೊಳೆದು ಕುಕ್ಕರ್ ಇಡುತ್ತೇನೆ, ಆಮೇಲೆ "ಎಷ್ಟು ಜನ ಬರ್ತಿದ್ದೀರಿ?" ಎಂದು ಕೇಳುತ್ತೇನೆ, ಏಕೆಂದರೆ ಮಸಾಲೆಯ ಗಟ್ಟಿಗಳನ್ನು ಎಣಿಸುವುದು ಅದರ ಮೇಲೆಯೇ.